ಅಕ್ಕನನ್ನು ಪ್ರೇತ ಮಾಡಿದವಳು

ಪ್ರೇತದ ಕಥೆ ಹೇಳುವುದರಲ್ಲಿ ಜಯಲತಾಳನ್ನು ಮೀರಿಸುವವರು ಕಳವಾದಿಂದ ಘಾಟ್‌ಕೋಪರದವರೆಗೆ ಯಾರೂ ಇರಲಿಲ್ಲ. ಬೆಳಿಗ್ಗೆ ಕಾರ್‌ಶೆಡ್‌ನಿಂದ ಹೊರಡುವ ಲೋಕಲ್ ಹತ್ತಿ, ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕುಳಿತು, ಜನ ತುಂಬುವವರೆಗೆ ಅವಳು ಬಾಯಿ ಬಿಡುತ್ತಿರಲಿಲ್ಲ. ಠಾಣೆ ದಾಟಿದ ಮೇಲೆ ಶುರು. ಅರ್ಧ ಕನ್ನಡ, ಅರ್ಧ ಹಿಂದಿ, ನಡುವೆ ಎದುರು ಸೀಟಿನ ಮಾವಶಿಯರಿಗಾಗಿ ಒಂದೆರಡು ಮಾತು ಮರಾಠಿ. ಮುಲುಂಡ್ ಬರುವಷ್ಟರಲ್ಲಿ ನಿಂತವರೂ ಬಗ್ಗಿ ಕೇಳುತ್ತಿದ್ದರು. ಭಾಂಡೂಪ್‌ನಲ್ಲಿ ಇಳಿಯಬೇಕಾದವಳೊಬ್ಬಳು ಕಥೆ ಮುಗಿಯಲಿಲ್ಲವೆಂದು ವಿಕ್ರೋಲಿಯವರೆಗೆ ಹೋದದ್ದುಂಟು.

ಅವಳ ಕಥೆಗಳಲ್ಲಿ ಯಾವಾಗಲೂ ಇಬ್ಬರು ಹೆಂಗಸರು. ಒಬ್ಬಳು ಸತ್ತವಳು, ಒಬ್ಬಳು ಬದುಕಿದವಳು. ಸತ್ತವಳು ಗೆಳತಿಯನ್ನು ಹುಡುಕಿಕೊಂಡು ಬರುತ್ತಾಳೆ, ಅವಳ ಗಂಡನಿಂದಲೋ ಅತ್ತೆಯಿಂದಲೋ ಅವಳನ್ನು ಕಾಪಾಡುತ್ತಾಳೆ, ಹೋಗಿಬಿಡುತ್ತಾಳೆ. "ಗಂಡಸು ಪ್ರೇತ ಹೆದರಿಸ್ತದೆ, ಅಷ್ಟೇ. ಹೆಂಗಸು ಪ್ರೇತಕ್ಕೆ ಕೆಲಸ ಉಂಟು," ಎನ್ನುತ್ತಿದ್ದಳು ಜಯಲತಾ. ಕೇಳಿದವರು ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅವಳು ಹುಟ್ಟಿದ್ದು ಕಳವಾದಲ್ಲೇ. ಅಪ್ಪ ಕಾಪು ಕಡೆಯಿಂದ ಬಂದು ಹೋಟೆಲಿನಲ್ಲಿ ದೋಸೆ ಹಾಕಿ ಮೂರು ಮಕ್ಕಳನ್ನು ಸಾಕಿದವರು. ಗಂಡ ದೇವದಾಸ್ ಠಾಣೆಯ ಒಂದು ಬಾರಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್. ಮಗಳು ಪ್ರೇಕ್ಷಾ ಕಾಲೇಜು. ತುಳು ಗೊತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಜಯಲತಾಳ ಕೆಲಸ ಘಾಟ್‌ಕೋಪರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ, ಕೌಂಟರಿನ ಹಿಂದೆ ಕುಳಿತು ದಿನವಿಡೀ ನಂಬರ್ ಕೂಗುವುದು. ಅಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಮನೆಯಲ್ಲಿ ಅವಳು ಮಾತು ಶುರು ಮಾಡಿದರೆ ದೇವದಾಸ್ ಟೀವಿಯ ಸದ್ದು ಏರಿಸುತ್ತಿದ್ದ. ರೈಲಿನ ಆ ನಲವತ್ತು ನಿಮಿಷ ಮಾತ್ರ ಅವಳು ಯಾರೋ ಒಬ್ಬಳು.

ಆದರೆ ಕಥೆಯ ಅರ್ಧ ಜೀವ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬಾಗಿಯದು. ಭಾಗೀರಥಿ ಎಂದು ಆಧಾರ್ ಕಾರ್ಡಿನಲ್ಲಿ ಇದ್ದದ್ದು, ಬಾಯಲ್ಲಿ ಬಾಗಿ. ವಿಕ್ರೋಲಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಜಯಲತಾಳ ಚಾಳಿನಿಂದ ಎರಡು ಗಲ್ಲಿ ಆಚೆ ಮನೆ. ಮಕ್ಕಳಿಲ್ಲ. ಗಂಡ ಯಜ್ಞೇಶ್ವರ, ಅವಳಿಗಿಂತ ಹದಿನಾರು ವರ್ಷ ದೊಡ್ಡವನು, ಹೋಟೆಲ್ ಮ್ಯಾನೇಜರ್, ಹಣೆಗೆ ಗಂಧ ಇಡದೆ ಹೊರಗೆ ಹೋಗದ ಮನುಷ್ಯ. ಬಾಗಿಗೆ ಮಾತು ಕಡಿಮೆ. ಅವಳದು ಸದ್ದು. ಕಥೆಯಲ್ಲಿ ನೀರು ತೊಟ್ಟಿಕ್ಕಬೇಕೆಂದರೆ ನಾಲಿಗೆಯಲ್ಲಿ ತೊಟ್ಟಿಕ್ಕಿಸುತ್ತಿದ್ದಳು. ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಉಗುರು ಎಳೆದರೆ ಸುತ್ತಲಿನ ಹೆಂಗಸರು ಕಿವಿ ಮುಚ್ಚುತ್ತಿದ್ದರು. ಎಲ್ಲಿ ಸದ್ದು ನಿಲ್ಲಿಸಬೇಕು ಎಂಬುದು ಅವಳಿಗೆ ಜಯಲತಾಳಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಗಳಿಕೆ ಬರುತ್ತಿದ್ದದ್ದು ಜಯಲತಾಳಿಗೆ. ಬಾಗಿ ಅದನ್ನು ಲೆಕ್ಕಕ್ಕೇ ಇಟ್ಟವಳಲ್ಲ.

ಹೀಗೆ ಹದಿನೇಳು ವರ್ಷ. ಅದರ ಕೊನೆಯ ಕಡೆ ಒಮ್ಮೆ ಜಯಲತಾಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ತಾಯಿ ಇಲ್ಲ, ಅತ್ತಿಗೆ ಬರಲಿಲ್ಲ. ಬಾಗಿ ಆರು ದಿನ ರಜೆ ಹಾಕಿ ವಾರ್ಡಿನಲ್ಲಿ ನೆಲದ ಮೇಲೆ ಮಲಗಿದಳು. ಮೈ ಒರೆಸಿದಳು, ಬಟ್ಟೆ ಬದಲಿಸಿದಳು, ಗಂಜಿ ಕುಡಿಸಿದಳು. ಮೂರನೆಯ ದಿನ ಮಧ್ಯಾಹ್ನ ಯಜ್ಞೇಶ್ವರ ಎಳನೀರು ತಂದು ಕೊಟ್ಟು, "ಬೇಗ ಗುಣ ಆಗಿ," ಎಂದು ಕೈಮುಗಿದು ಹೋದ. ಅವನು ಹೋದ ಮೇಲೆ ಜಯಲತಾ ಸುಮ್ಮನೆ ಒಂದು ಮಾತು ಆಡಿದಳು.

"ಒಳ್ಳೆಯವರು ಮಾರಾಯ್ತಿ ನಿನ್ನ ಗಂಡ. ನಮ್ಮವರು ಇನ್ನೂ ಮುಖ ತೋರಿಸಲಿಲ್ಲ."

ಬಾಗಿ ಎಳನೀರಿನ ಸ್ಟ್ರಾ ಸರಿಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅವರು ಮೊದ್ಲು ನಂಗೆ ಭಾವ. ಗೊತ್ತುಂಟಾ ನಿಂಗೆ?"

ಗೊತ್ತಿರಲಿಲ್ಲ.

"ನನ್ನಕ್ಕ ವಿಮಲಾನ ಗಂಡ. ಆಗ ವಿಠ್ಠಲವಾಡಿಯಲ್ಲಿ ಇದ್ದದ್ದು. ಅಕ್ಕನಿಗೆ ಐದು ತಿಂಗಳು. ಸಹಾಯಕ್ಕಾಗ್ಲಿ ಅಂತ ನನ್ನನ್ನು ಊರಿಂದ ಕಳಿಸಿದ್ರು. ನಂಗೆ ಹದಿನಾಲ್ಕು ವರ್ಷ. ಇವರಿಗೆ ಅಕ್ಕನ ಮೇಲೆ ಸಂಶಯ, ಪಕ್ಕದ ಮನೆಯವನ ಹತ್ರ ನಕ್ಕಳಂತೆ. ಒಂದು ಶನಿವಾರ ಬೆಳಿಗ್ಗೆ ಹೊಟ್ಟೆಗೆ ಒದ್ದು, ಬಚ್ಚಲಿಗೆ ನೂಕಿ, ಹೊರಗಿಂದ ಚಿಲಕ ಹಾಕಿದ್ರು. 'ತೆಗೆದ್ರೆ ನಿನ್ನನ್ನೂ ಒಳಗೆ ಹಾಕ್ತೇನೆ' ಅಂತ ನಂಗೆ ಹೇಳಿ ಡ್ಯೂಟಿಗೆ ಹೋದ್ರು."

ಜಯಲತಾ ಹೊಲಿಗೆ ಎಳೆಯುತ್ತಿದ್ದರೂ ಮಗ್ಗುಲಾಗಿದ್ದಳು.

"ಅವಳು ಮೊದ್ಲು ಜೋರಾಗಿ ಕರೆದಳು. 'ಬಾಗೀ, ಚಿಲಕ ತೆಗಿ.' ಆಮೇಲೆ ತಂಬಿಗೆಯಿಂದ ಬಾಗಿಲಿಗೆ ಬಡಿದಳು. ಆಮೇಲೆ ಉಗುರು. ಆಮೇಲೆ ಎಂತ ಇಲ್ಲ. ನಾನು ಅಕ್ಕಿ ಡಬ್ಬದ ಹತ್ರ ಕೂತು ಕಿವಿ ಮುಚ್ಚಿಕೊಂಡಿದ್ದೆ. ಇವರು ನಾಲ್ಕು ಗಂಟೆಗೆ ಬಂದು ತೆಗೆದಾಗ ನೆಲ ಎಲ್ಲಾ ರಕ್ತ. ಕಾಲು ಜಾರಿ ಬಿದ್ದದ್ದು ಅಂತ ಹೇಳಿದ್ರು. ಎಲ್ಲರೂ ಹೌದು ಅಂದ್ರು. ನಾನೂ." ಬಾಗಿ ಎಳನೀರನ್ನು ಕೆಳಗಿಟ್ಟಳು. "ಚಿಲಕ ಮೇಲೆ ಇರ್ಲಿಲ್ಲ ಜಯಾ. ನನ್ನ ಕೈಗೆ ಎಟಕುತ್ತಿತ್ತು."

ಹದಿನೆಂಟು ತುಂಬಿದ ಕೂಡಲೇ ಹಿರಿಯರು ಸೇರಿ ಅವಳನ್ನು ಅವನಿಗೇ ಕಟ್ಟಿದರು. ಮನೆಯ ಮಾತು ಮನೆಯಲ್ಲೇ ಇರಲಿ ಎಂದರು.

"ಯಾರಿಗೂ ಹೇಳ್ಬೇಡ," ಎಂದಳು ಬಾಗಿ. ಜಯಲತಾ ಅವಳ ಕೈ ಹಿಡಿದು ಮಗಳ ಮೇಲೆ ಆಣೆ ಮಾಡಿದಳು. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಆದರೆ ಬಾಗಿ ಗಂಜಿ ತರಲು ಕೆಳಗೆ ಹೋದಾಗ ಅವಳ ಮನಸ್ಸು, ಹಸಿದ ಬೆಕ್ಕು ಪಾತ್ರೆಯ ಸುತ್ತ ಸುಳಿಯುವ ಹಾಗೆ, ಆ ಮೂರು ಸದ್ದುಗಳ ಸುತ್ತ ಸುಳಿಯುತ್ತಿತ್ತು: ಕರೆ, ತಂಬಿಗೆ, ಉಗುರು.

ಅದೇ ವರ್ಷ ರೈಲಿನ ಗುಂಪಿಗೆ ನಿಶಾ ಎಂಬ ಹುಡುಗಿ ಸೇರಿದಳು. ಡೊಂಬಿವಲಿಯಿಂದ ಬಂದು ಠಾಣೆಯಲ್ಲಿ ಈ ಗಾಡಿ ಹತ್ತುವವಳು, ಇಪ್ಪತ್ತಾರು ವರ್ಷ, ಆಫೀಸಿನ ಕೆಲಸ; ಅಮ್ಮ ಉಡುಪಿ ಕಡೆಯವರಾದ್ದರಿಂದ ಕನ್ನಡ ತಿಳಿಯುತ್ತಿತ್ತು. ಅವಳು ಜಯಲತಾಳ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹರಿಬಿಟ್ಟಳು. ನಾಲ್ಕೇ ತಿಂಗಳಲ್ಲಿ ಕಲ್ಯಾಣದಿಂದ ನವಿ ಮುಂಬಯಿಯವರೆಗಿನ ಊರಿನವರ ಗ್ರೂಪುಗಳಲ್ಲಿ 'ಲೋಕಲ್ ಜಯಕ್ಕ' ಎಂದು ಹೆಸರಾಯಿತು. ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನ ಒಂದು ಮಹಿಳಾ ಮಂಡಳಿಯವರು 'ಆಟಿಡೊಂಜಿ ದಿನ'ಕ್ಕೆ ಅವಳನ್ನು ಕರೆದರು. ತುಳುವರಿಗೆ ಮಳೆಗಾಲದ ಆಟಿ ತಿಂಗಳೆಂದರೆ ಹೇಗೂ ಪ್ರೇತಗಳ ತಿಂಗಳು. ಪತ್ರೊಡೆ ತಿಂದು ಒಂದು ಕಥೆ ಕೇಳೋಣ ಎಂದು ಅವರ ಆಸೆ. "ಆದ್ರೆ ಹೊಸತು ಬೇಕು ಜಯಕ್ಕ. ಹಳೇದೆಲ್ಲ ಕೇಳಿ ಆಗಿದೆ," ಎಂದಿದ್ದರು.

ಜಯಲತಾಳ ಬಳಿ ಹೊಸತು ಇರಲಿಲ್ಲ. ಇದ್ದದ್ದು ಒಂದೇ.

ಹೆಸರು ಬದಲಾಯಿಸುತ್ತೇನೆ, ಊರು ಬದಲಾಯಿಸುತ್ತೇನೆ, ಯಾರಿಗೆ ಗೊತ್ತಾಗಬೇಕು ಎಂದು ಅವಳು ಹದಿನೈದು ದಿನ ತನಗೆ ತಾನೇ ಹೇಳಿಕೊಂಡಳು. ಬಾಗಿಗೆ ಮಾತ್ರ ಏನೂ ಹೇಳಲಿಲ್ಲ. ಹೇಳಿದರೆ ಅವಳು ಬರುವುದಿಲ್ಲ, ಅವಳಿಲ್ಲದೆ ಸದ್ದಿಲ್ಲ. "ಒಂದು ಸ್ಟೀಲಿನ ತಂಬಿಗೆ ತಕ್ಕೊಂಡು ಬಾ. ನಾನು ಕೈ ಎತ್ತಿದಾಗ ಬಡಿ, ಬೆರಳು ಮಡಿಸಿದಾಗ ಉಗುರು ಎಳಿ. ಕಥೆ ಅಲ್ಲೇ ಕೇಳು, ಮಜಾ ಬರ್ತದೆ," ಎಂದಳು.

ಭಾನುವಾರ ಮಧ್ಯಾಹ್ನ. ಕ್ಲಬ್‌ಹೌಸಿನ ಎ.ಸಿ. ಹಾಲಿನಲ್ಲಿ ಇನ್ನೂರು ಹೆಂಗಸರು, ರೇಷ್ಮೆ ಸೀರೆ, ತಲೆತುಂಬ ಹೂವು. ವೇದಿಕೆಯ ಮೇಲೆ ಎರಡು ಕುರ್ಚಿ, ಎರಡು ಮೈಕು. ಬಾಗಿ ಮಡಿಲಲ್ಲಿ ತಂಬಿಗೆ ಇಟ್ಟುಕೊಂಡು, ಮದುವೆಗೆ ಬಂದವಳಂತೆ ನಾಚಿ ಕುಳಿತಿದ್ದಳು.

"ಅಂಬರನಾಥದಲ್ಲಿ ಅಕ್ಕ ತಂಗಿ ಇದ್ರು," ಎಂದು ಜಯಲತಾ ಶುರು ಮಾಡಿದಳು.

ಅಂದಿನಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ. ಸಂಶಯದ ಗಂಡ ಬಂದ, ಶನಿವಾರ ಬಂತು, ಬಚ್ಚಲಿನ ಬಾಗಿಲು ಮುಚ್ಚಿತು. ಹಾಲಿನಲ್ಲಿ ಬಳೆಯ ಸದ್ದೂ ಇಲ್ಲ. ಜಯಲತಾ ಬಾಗಿಯ ಕಡೆ ನೋಡಲಿಲ್ಲ. ನೋಡದೆ ಕೈ ಎತ್ತಿದಳು. ತಂಬಿಗೆ ಬಡಿಯಲಿಲ್ಲ. ಬೆರಳು ಮಡಿಸಿದಳು. ಉಗುರು ಎಳೆಯಲಿಲ್ಲ. ಕಥೆ ನಿಲ್ಲಿಸುವಂತಿರಲಿಲ್ಲ. ಮುಂದುವರಿಸಿದಳು. ಅಕ್ಕ ಸತ್ತಳು. ಪ್ರೇತವಾದಳು. ಪ್ರತಿ ಶನಿವಾರ ತಂಗಿಯ ಬಾಗಿಲಿಗೆ ಬಂದು ಕರೆಯತೊಡಗಿದಳು. ಇಲ್ಲಿಯವರೆಗಿನ ಕಥೆಗಳಲ್ಲಿ ಸತ್ತವಳು ಕಾಪಾಡಲು ಬರುತ್ತಿದ್ದಳು. ಇದರಲ್ಲಿ ಹಾಗೆ ಮಾಡಿದರೆ ಹೆದರಿಕೆ ಎಲ್ಲಿಂದ ಬರಬೇಕು? ಜಯಲತಾ ಯೋಚಿಸಿಯೇ ತಿರುಗಿಸಿದ್ದಳು. ಕಡೆಯ ಶನಿವಾರ ತಂಗಿ ಸ್ನಾನಕ್ಕೆ ಹೋಗುತ್ತಾಳೆ. ಹೊರಗಿನಿಂದ ಚಿಲಕ ತಾನಾಗಿ ಬೀಳುತ್ತದೆ. ಅಕ್ಕ ಹೊರಗೆ ಕುಳಿತು, ಅವಳು ಸಾಯುವವರೆಗೆ ನಗುತ್ತಾಳೆ.

"ತಂಗೀ," ಜಯಲತಾ ಮೈಕಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು, "ಚಿಲಕ ತೆಗೀಬೇಕಾ ತಂಗೀ?"

ಆಗ ಬಾಗಿಯ ಮಡಿಲಿನಿಂದ ತಂಬಿಗೆ ಬಿತ್ತು. ಮುಂದಿನ ಸಾಲಿನವರು ಕಿಟಾರನೆ ಕಿರುಚಿದರು. ಬಾಗಿ ಎದ್ದು ನಿಂತಿದ್ದಳು.

"ಎಟಕುತ್ತಿತ್ತು," ಎಂದಳು. ಮೈಕು ಅದನ್ನು ಹಾಲಿಗೆಲ್ಲ ಎರಚಿತು. "ನನ್ನ ಕೈಗೆ ಎಟಕುತ್ತಿತ್ತು. ನಾನು ತೆಗೀಲಿಲ್ಲ. ಆದ್ರೆ ಅವಳು ಹಾಗೆ ಮಾಡುವವಳಲ್ಲ. ನನ್ನಕ್ಕ ಹಾಗೆ ಮಾಡುವವಳಲ್ಲ."

ಅವಳ ಮುಖ ಒದ್ದೆಯಾಗಿತ್ತು. ಹಿಂದಿನ ಸಾಲಿನಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು. ಇನ್ನೂರು ಜನ ತಟ್ಟಿದರು. ಕೆಲವರು ಎದ್ದು ನಿಂತರು. "ಎಂಥ ಆಕ್ಟಿಂಗ್!" ಎಂದು ಅಧ್ಯಕ್ಷೆ ಕೂಗಿದರು.

ಜಯಲತಾ ಆಗಲಾದರೂ ಬಾಯಿ ತೆರೆಯಬಹುದಿತ್ತು. ತೆರೆದಳು ಕೂಡ. ಬಾಗಿಯ ಹೆಗಲ ಮೇಲೆ ಕೈ ಹಾಕಿ ಹೇಳಿದಳು: "ಇವಳು ನನ್ನ ಬಾಗಿ. ಹದಿನೇಳು ವರ್ಷದಿಂದ ನನ್ನ ಜೊತೆ. ಇವಳಿಲ್ಲದೆ ನನ್ನ ಕಥೆ ಇಲ್ಲ." ಚಪ್ಪಾಳೆ ಇನ್ನೂ ಜೋರಾಯಿತು. ಇಬ್ಬರಿಗೂ ಒಂದೇ ಶಾಲು ಹೊದಿಸಿ ಫೋಟೋ ತೆಗೆದರು. ಶಾಲಿನ ಒಳಗೆ ಬಾಗಿಯ ಮೈ ನಡುಗುತ್ತಿದ್ದದ್ದು ಜಯಲತಾಳಿಗೆ ತಿಳಿಯುತ್ತಿತ್ತು. ಜಯಲತಾ ಕ್ಯಾಮೆರಾದ ಕಡೆ ನಕ್ಕಳು.

ಮರಳುವ ಬಸ್ಸು ಮಾಜಿವಾಡಾಕ್ಕೆ ಬಂತು.

"ಹೆಸರು ಬದಲಾಯಿಸಿದ್ದೆ ಅಲ್ವಾ," ಎಂದಳು ಜಯಲತಾ ಕೊನೆಗೆ. "ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನೀನೇ ಎದ್ದು ನಿಂತು..."

"ನಾನು ಎಲ್ಲದಕ್ಕೂ ಹೆದರ್ತೇನೆ," ಎಂದಳು ಬಾಗಿ, ಕಿಟಕಿಯ ಹೊರಗೆ ನೋಡುತ್ತಾ. "ಇವರಿಗೆ, ಶನಿವಾರಕ್ಕೆ, ಬಚ್ಚಲಿಗೆ. ಅಕ್ಕನಿಗೆ ಮಾತ್ರ ಇಲ್ಲ. ಅವಳು ಕನಸಿಗೆ ಬಂದ್ರೆ ನಂಗೆ ಒಳ್ಳೇದಾಗ್ತಿತ್ತು. ಇನ್ನು ಅವಳು ಬಂದ್ರೆ ನಾನೆಂತ ಮಾಡ್ಲಿ?"

ಜಯಲತಾಳಿಗೆ ಬಾಗಿ ಅತಿ ಮಾಡುತ್ತಿದ್ದಾಳೆ ಎಂದು ಒಳಗೊಳಗೇ ಸಿಟ್ಟು ಬಂತು.

ಆ ವಿಡಿಯೋ ಹಿಂದಿನ ಎಲ್ಲವನ್ನೂ ಮೀರಿ ಓಡಿತು. ಮುಂದಿನ ವಾರ ಬಾಗಿ ಡಬ್ಬಿ ಹತ್ತಿದಾಗ ಯಾರೋ ಪಾರ್ಟಿಷನ್ನಿನ ತಗಡಿಗೆ ಬಡಿದು, "ತಂಗೀ, ಚಿಲಕ ತೆಗೀಬೇಕಾ?" ಎಂದರು. ಕನ್ನಡ ಬಾರದ ಮಾವಶಿಯರೂ ಆ ಒಂದು ಸಾಲು ಕಲಿತಿದ್ದರು. ಕೆಟ್ಟ ಉದ್ದೇಶವೇನಿಲ್ಲ, ಸಿನಿಮಾ ತಾರೆಯನ್ನು ಕರೆಯುವ ಹಾಗೆ, ಪ್ರೀತಿಯಿಂದಲೇ. "ಏಯ್, ಬಿಡ್ರೇ ಅವಳನ್ನ," ಎಂದಳು ಜಯಲತಾ, ನಗುತ್ತಲೇ. ಆ ನಗು ಇದ್ದದ್ದರಿಂದ ಯಾರೂ ಬಿಡಲಿಲ್ಲ. ಮೂರು ದಿನ ಬಾಗಿ ಬಂದಳು. ನಾಲ್ಕನೆಯ ದಿನ ಬೇರೆ ಡಬ್ಬಿ ಹತ್ತಿದಳು. ಅಲ್ಲಿಯೂ ಗುರುತಿಸಿದರು.

ಎರಡನೆಯ ವಾರ ವಿಡಿಯೋ ಯಜ್ಞೇಶ್ವರನ ಹೋಟೆಲಿಗೆ ತಲುಪಿತು. ಕ್ಯಾಶಿಯರ್ ತೋರಿಸಿದನಂತೆ, "ನಿಮ್ಮ ಮನೆಯವರು ಫೇಮಸ್ ಆದ್ರಲ್ಲ ಸಾರ್," ಎಂದು. ಆಮೇಲೆ ಬಾಗಿ ಕೆಲಸಕ್ಕೆ ಹೋಗಲಿಲ್ಲ. ಫೋನ್ ಸ್ವಿಚ್ ಆಫ್. ತಿಂಗಳು ಕಳೆಯುವುದರೊಳಗೆ ಮನೆ ಖಾಲಿಯಾಗಿ, ಘನಸೋಲಿಗೆ ಹೋದರೆಂದು ಗಲ್ಲಿಯವರು ಹೇಳಿದರು.

ಜಯಲತಾ ಅಡ್ರೆಸ್ ಹುಡುಕಿಕೊಂಡು ಹೋದದ್ದು ದೀಪಾವಳಿ ಕಳೆದ ಮೇಲೆ. ಬಾಗಿಲು ತೆರೆದವನು ಯಜ್ಞೇಶ್ವರ. ವಾರದ ರಜೆ. ಹಣೆಯಲ್ಲಿ ಗಂಧ, ಮುಖದಲ್ಲಿ ನಗು.

"ಬನ್ನಿ ಬನ್ನಿ. ದೊಡ್ಡ ಕಲಾವಿದರು ನಮ್ಮ ಮನೆಗೆ! ಬಾಗೀ, ಚಾ ಮಾಡು. ಒಳ್ಳೆ ಕಥೆ ಹೇಳ್ತೀರಿ ನೀವು. ನಾನು ನಾಲ್ಕು ಸಲ ನೋಡಿದೆ."

ಬಾಗಿ ಚಹಾ ತಂದಳು. ಮಣಿಕಟ್ಟು ಊದಿ, ಕಪ್ಪು ಬಳೆಯಂಥ ಗುರುತು ಇತ್ತು. ತುಟಿಯ ಎಡಬದಿ ಒಡೆದು ಒಣಗಿತ್ತು. ಯಜ್ಞೇಶ್ವರ ಹವೆಯ ಬಗ್ಗೆ, ನವಿ ಮುಂಬಯಿಯ ನೀರಿನ ಬಗ್ಗೆ ಮಾತಾಡಿದ. ಅವನಿಗೊಂದು ಫೋನ್ ಬಂದು ಹೊರಗಿನ ಗ್ಯಾಲರಿಗೆ ಹೋದಾಗ ಬಾಗಿ ಲೋಟ ಎತ್ತಿಕೊಳ್ಳುವವಳಂತೆ ಬಗ್ಗಿದಳು.

"ಇವತ್ತೇ ನನ್ನನ್ನು ಕರ್ಕೊಂಡು ಹೋಗು," ಎಂದಳು. "ಈಗಲೇ. ಚಪ್ಪಲಿ ಹಾಕಿ ನಿನ್ನ ಜೊತೆ ಇಳೀತೇನೆ. ನೀನಿದ್ರೆ ಜನರ ಎದುರು ಅವರು ಎಂತ ಮಾಡುದಿಲ್ಲ."

ಜಯಲತಾ ಆ ಕಡೆ ತಿರುಗಿ ನೋಡಿದಳು. ಗ್ಯಾಲರಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ದೇವದಾಸ್ ಏನೆನ್ನುತ್ತಾನೆ, ಒಂದೇ ಕೋಣೆಯಲ್ಲಿ ಎಲ್ಲಿ ಮಲಗಿಸುವುದು, ನಾಳೆ ಇವನು ಕ್ಲಿನಿಕ್ಕಿಗೆ ಬಂದು ಗಲಾಟೆ ಮಾಡಿದರೆ?

"ಹೀಗೆ ಒಮ್ಮೆಲೇ ಹೇಗೆ ಬಾಗೀ? ಮನೆಯಲ್ಲಿ ಒಂದು ಮಾತು ಕೇಳ್ಬೇಕಲ್ಲ. ಮುಂದಿನ ವಾರ ಬರ್ತೇನೆ, ಖಂಡಿತ."

ಬಾಗಿ ಅವಳ ಮುಖವನ್ನೇ ನೋಡಿದಳು. ಲೋಟ ತೆಗೆದುಕೊಂಡು ಒಳಗೆ ಹೋದಳು. ಯಜ್ಞೇಶ್ವರ ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟ.

ಮುಂದಿನ ವಾರ ಜಯಲತಾ ಹೋಗಲಿಲ್ಲ. ಅದರ ಮುಂದಿನ ವಾರವೂ. ರೈಲಿನಲ್ಲಿ ಒಂದು ಬೆಳಿಗ್ಗೆ ಕಥೆಯ ನಡುವೆ ಮಾತು ತೊಡರಿ, ಎಲ್ಲವನ್ನೂ ನಿಶಾಳಿಗೆ ಹೇಳಿಬಿಟ್ಟಳು: ವಿಠ್ಠಲವಾಡಿ, ವಿಮಲಾ, ಮಣಿಕಟ್ಟು, ಚಪ್ಪಲಿ ಹಾಕಿ ಇಳೀತೇನೆ ಎಂದದ್ದು. ಹೇಳಿ ಹಗುರಾಗಬಹುದು ಎಂದುಕೊಂಡಿದ್ದಳು.

ನಿಶಾ ಮೊಬೈಲು ಮಡಿಲಿಗೆ ಇಳಿಸಿದಳು. "ಔರ್ ಆಪ್ ಆ ಗಯೀ?" ಎಂದಳು. ಮತ್ತೆ, ತನಗೆ ಸರಿಯಾಗಿ ಬಾರದ ಕನ್ನಡದಲ್ಲಿ ಅದನ್ನೇ ಕೇಳಿದಳು: "ಬಿಟ್ಟು ಬಂದ್ರಾ ನೀವು?"

ಕುರ್ಲಾದಲ್ಲಿ ಇಳಿಯಬೇಕಾದವಳು ಘಾಟ್‌ಕೋಪರದಲ್ಲೇ ಇಳಿದು ವಾಪಸ್ ಹೋದಳು. ವಿಡಿಯೋ ಅಳಿಸಿದಳು, ಅದು ಆಗಲೇ ಸಾವಿರ ಫೋನುಗಳಲ್ಲಿತ್ತು. ಎರಡು ದಿನ ಬಿಟ್ಟು, ಯಜ್ಞೇಶ್ವರ ಡ್ಯೂಟಿಯಲ್ಲಿರುವ ಹೊತ್ತು ನೋಡಿ, ತನ್ನ ಅಮ್ಮನನ್ನೂ ತಗಡು ಬಡಿದಿದ್ದ ಮಾವಶಿಯರಲ್ಲಿ ಇಬ್ಬರನ್ನೂ ಕರೆದುಕೊಂಡು ಘನಸೋಲಿಗೆ ಹೋದಳು. ಬೀಗ ಹೊರಗಿನಿಂದ ಹಾಕಿತ್ತಂತೆ. ಮಾವಶಿಯೊಬ್ಬಳು ವಾಚ್‌ಮನ್‌ನ ಹಾರೆಯಿಂದ ಅದನ್ನು ಒಡೆದಳಂತೆ. ಬಾಗಿಯನ್ನು ಡೊಂಬಿವಲಿಗೆ ಕರೆತಂದರು. ಪೊಲೀಸ್ ಚೌಕಿಯಲ್ಲಿ ಇಡೀ ದಿನ ಕುಳಿತು ದೂರು ಬರೆಸಿದರು. ಇದೆಲ್ಲವನ್ನೂ ಜಯಲತಾ ಬೇರೆಯವರ ಬಾಯಿಂದ ಕೇಳಿದಳು. ಅವಳನ್ನು ಯಾರೂ ಕರೆದಿರಲಿಲ್ಲ.

ವಿಮಲಾಳ ಸಾವಿಗೆ ಬಾಗಿಯ ಮಾತು ಬಿಟ್ಟರೆ ಸಾಕ್ಷಿಯಿಲ್ಲ, ಕಾಗದವಿಲ್ಲ. ಯಜ್ಞೇಶ್ವರ ಹೊಡೆದದ್ದಕ್ಕೆ ಮಾತ್ರ ಕೇಸಾಗಿ ಜಾಮೀನಿನ ಮೇಲೆ ಹೊರಬಂದ. ಈಗಲೂ ಗಂಧ ಇಟ್ಟು ಗಲ್ಲಾದಲ್ಲಿ ಕೂರುತ್ತಾನೆ.

ಆರು ತಿಂಗಳ ಮೇಲೆ ಜಯಲತಾ ಡೊಂಬಿವಲಿಗೆ ಹೋದಳು. ನಿಶಾಳ ಮನೆಯ ಕೆಳಗಿನ ಒಂದು ಕೋಣೆಯಲ್ಲಿ ಬಾಗಿಯೂ ನಿಶಾಳ ಅಮ್ಮನೂ ಸೇರಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬಾಗಿ ಬಾಗಿಲಿಗೆ ಬಂದಳು. ಮೈ ತುಂಬಿಕೊಂಡಿತ್ತು. ಇಷ್ಟು ವರ್ಷ ಜಯಲತಾಳನ್ನು ಕಂಡರೆ 'ಬಲ, ಕುಲ್ಲು', ಬಾ ಕೂತ್ಕೋ, ಎಂದು ತುಳುವಿನಲ್ಲಿ ಕರೆಯುತ್ತಿದ್ದವಳು, ಗುರುತಿಲ್ಲದ ಗಿರಾಕಿಗೆ ಹೇಳುವಂತೆ, "ಆಯಿಯೇ, ಬೈಠಿಯೇ," ಎಂದಳು.

ಜಯಲತಾ ಕೂರಲಿಲ್ಲ. "ತಪ್ಪಾಯ್ತು ಬಾಗೀ. ಹೆದರಿಕೆ ಆಯ್ತು ನಂಗೆ. ನಿಂಗಾದ್ರೂ ಅರ್ಥ ಆಗ್ಬೇಕಲ್ಲ, ಹೆದರಿಕೆ ಅಂದ್ರೆ ಎಂತ ಅಂತ?"

ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ಬಾಗಿಯ ಮುಖ ಬದಲಾಗಲಿಲ್ಲ. ಕನ್ನಡಕ್ಕೆ ಬಂದಳು, ಕಡೆಯ ಸಲ.

"ಅರ್ಥ ಆಗ್ತದೆ. ನಂಗಾಗ ಹದಿನಾಲ್ಕು. ನಿಂಗೆ ನಲವತ್ತನಾಲ್ಕು."

ಒಳಗೆ ಒಂದು ಮಗು ಎದ್ದು ಅತ್ತಿತು. ಬಾಗಿ ಹೋಗಿ ಎತ್ತಿಕೊಂಡಳು. ತೋಳಿನ ಮೇಲೆ ಹಾಕಿ ತಟ್ಟುತ್ತಾ, ನಾಲಿಗೆಯಲ್ಲಿ ಹಕ್ಕಿಯ ಸದ್ದು ಮಾಡಿದಳು. ಮಗು ಅಳು ನಿಲ್ಲಿಸಿ ಅವಳ ಬಾಯಿಯನ್ನೇ ನೋಡಿತು. ನಿಶಾಳ ಅಮ್ಮ ಹೊರಗೆ ಬಂದು, ಇದು ಮಕ್ಕಳಿಗೆ ಊಟ ಕೊಡುವ ಹೊತ್ತು ಎಂದು ಸೌಜನ್ಯದಿಂದಲೇ ಹೇಳಿದರು. ಜಯಲತಾ ತಂದಿದ್ದ ಬಾಳೆಹಣ್ಣಿನ ಚೀಲವನ್ನು ಕಿಟಕಿಯ ಕಟ್ಟೆಯ ಮೇಲೆ ಇಡಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದನ್ನು ಹಿಡಿದುಕೊಂಡೇ ಸ್ಟೇಷನ್ನಿನ ಕಡೆ ನಡೆದಳು.